ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿನಿಮಾ ವಿಮರ್ಶೆಯ ಪುಟದಲ್ಲಿ ಚಿತ್ರ, ಬಣ್ಣ ಮತ್ತು ಜಾಗ

ಹಿಂದಿನ ಸಂಚಿಕೆಯ ಸಿನಿಮಾ ವಿಮರ್ಶೆಯಲ್ಲಿ ಬರಹಕ್ಕೂ ಅದರ ಮೇಲಿದ್ದ ಫೋಟೊಗೂ ಹೊಂದಿಕೆಯೇ ಇರಲಿಲ್ಲವೆಂದು ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ. ಅದೇ ಹೊತ್ತಿಗೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿಯೂ ವಿಮರ್ಶೆಯ ಪುಟದ ಅಕ್ಷರ, ಬಣ್ಣ, ಚಿತ್ರಗಳ ಕುರಿತ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ ಈ ಸಲದ ಅಂಕಣವನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ನಮ್ಮಲ್ಲಿ ಪುಟ ಕಟ್ಟುವ ಕೆಲಸ ನನ್ನದಾದ್ದರಿಂದ ಉತ್ತರವನ್ನೂ ನಾನೇ ಬರೆದಿದ್ದೇನೆ.

ಪ್ರಶ್ನೆ: ಮಾನ್ಯರೇ, ತಂದೆ ಮಗಳ ನಡುವಿನ ಮೌನವೇ ಆ ಸಿನಿಮಾದ ಜೀವಾಳವೆಂದು ನಿಮ್ಮ ವಿಮರ್ಶಕರು ಬರೆದಿದ್ದಾರೆ. ಅದರ ಮೇಲೆಯೇ ಅವರಿಬ್ಬರೂ ಕ್ಯಾಮೆರಾ ನೋಡಿ ನಗುತ್ತಿರುವ ಫೋಟೊವನ್ನು ಅರ್ಧ ಪುಟದಷ್ಟು ದೊಡ್ಡದಾಗಿ ಹಾಕಿದ್ದೀರಿ. ವಿಮರ್ಶೆಗೆ ಚಿತ್ರ ಆರಿಸುವವರು ಯಾರು? ಸಿನಿಮಾದೊಳಗಿನ ದೃಶ್ಯವನ್ನೇ ಏಕೆ ಹಾಕುವುದಿಲ್ಲ?
(ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಆ ಫೋಟೊ ಆರಿಸಿದವನು ನಾನು, ನಿಮ್ಮ ಆಕ್ಷೇಪ ಸರಿಯಾಗಿದೆ. ತಪ್ಪು ಹೇಗಾಯಿತೆಂದು ಹೇಳಿದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಕ್ಕೀತು. ವಿಮರ್ಶೆ ಕೈಸೇರುವ ಮೊದಲೇ ಪುಟದ ನಕ್ಷೆ ಸಿದ್ಧವಾಗಿತ್ತು. ಎರಡು ಕಾಲಂ ಅಗಲದ, ನಿಲುವಾದ ಜಾಗವನ್ನು ಫೋಟೊಗೆಂದು ಬಿಟ್ಟಿದ್ದೆವು. ಸಿನಿಮಾದವರು ಕಳಿಸಿದ ಎಂಟು ಫೋಟೊಗಳಲ್ಲಿ ಆ ನಿಲುವಿಗೆ ಕೂಡುವಂಥದ್ದು ಅದೊಂದೇ ಇತ್ತು, ಉಳಿದವೆಲ್ಲ ಅಡ್ಡ ಚಿತ್ರಗಳು. ನಾನು ಜಾಗಕ್ಕೆ ಒಪ್ಪುವ ಚಿತ್ರವನ್ನು ಹುಡುಕಿದೆನೇ ಹೊರತು ಬರಹಕ್ಕೆ ಒಪ್ಪುವುದನ್ನು ಹುಡುಕಲಿಲ್ಲ.

ಪತ್ರಿಕೆಗಳಿಗೆ ಬರುವ ಸಿನಿಮಾ ಫೋಟೊಗಳಲ್ಲಿ ಬಹಳಷ್ಟು ಸಿನಿಮಾದೊಳಗಿನವೇ ಆಗಿರುವುದಿಲ್ಲ ಎಂಬುದು ಓದುಗರಿಗೆ ಅಷ್ಟಾಗಿ ಗೊತ್ತಿರುವ ಸಂಗತಿಯಲ್ಲ. ಚಿತ್ರೀಕರಣ ನಡೆಯುವಲ್ಲಿ ಸಿನಿಮಾ ಕ್ಯಾಮೆರಾದವರಲ್ಲದೆ ಸ್ಟಿಲ್ ಫೋಟೊಗ್ರಾಫರ್ ಒಬ್ಬರು ಬೇರೆಯೇ ಇರುತ್ತಾರೆ. ಸಿನಿಮಾ ಕ್ಯಾಮೆರಾದ ಪಕ್ಕದಲ್ಲಿ ನಿಂತು, ತಾಲೀಮಿನ ಹೊತ್ತಿನಲ್ಲಿಯೋ ಟೇಕ್ ಮುಗಿದ ಮೇಲೆ ನಟರನ್ನು ಅಲ್ಲಿಯೇ ಇನ್ನೊಂದು ಗಳಿಗೆ ನಿಲ್ಲಿಸಿಯೋ ಅವರು ತಮ್ಮ ಕ್ಯಾಮೆರಾದಲ್ಲಿ ತೆಗೆದುಕೊಳ್ಳುವ ಫೋಟೊಗಳನ್ನು ನಾವು ಸ್ಟಿಲ್ ಎನ್ನುತ್ತೇವೆ. ಕನ್ನಡದಲ್ಲಿ ಪ್ರಗತಿ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಅವರಂಥವರು ಈ ಕೆಲಸವನ್ನು ದೊಡ್ಡ ಕಲೆಯಾಗಿ ಬೆಳೆಸಿದರು. ನಾವು ನೆನಪಿನಲ್ಲಿಟ್ಟುಕೊಂಡಿರುವ ಎಷ್ಟೋ ಹಳೆಯ ಸಿನಿಮಾಗಳ ಮುಖಚರ್ಯೆ ನಿಜವಾಗಿ ಸ್ಟಿಲ್‌ಗಳಿಂದ ಬಂದದ್ದು. ಎರಡನೆಯ ಬಗೆ ಪ್ರಚಾರಕ್ಕೆಂದೇ ಸ್ಟುಡಿಯೊದಲ್ಲಿ ಬೆಳಕು ಹಾಕಿ, ನಟರನ್ನು ಕ್ಯಾಮೆರಾ ಕಡೆ ತಿರುಗಿಸಿ ತೆಗೆದದ್ದು. ನೀವು ಆಕ್ಷೇಪಿಸಿದ ಫೋಟೊ ಈ ಬಗೆಯದು. ಮೂರನೆಯದು ಸಿನಿಮಾದ ಚೌಕಟ್ಟನ್ನೇ ತೆಗೆದು ಕೊಟ್ಟದ್ದು. ಬೆಳಕು, ಬಣ್ಣ, ಪಾತ್ರಗಳ ನಡುವಿನ ದೂರ ಎಲ್ಲವೂ ತೆರೆಯ ಮೇಲಿದ್ದಂತೆಯೇ ಇರುವುದು ಇದರಲ್ಲಿ ಮಾತ್ರ. ವಿಮರ್ಶೆಗೆ ಬೇಕಾದದ್ದು ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. ವಿಮರ್ಶಕರು ಒಂದು ಮಾತು ಹೇಳಿದಾಗ ಓದುಗರು ಕಣ್ಣೆತ್ತಿ ಚಿತ್ರ ನೋಡುತ್ತಾರೆ, ಆ ಮಾತಿಗೆ ಚಿತ್ರ ಸಾಕ್ಷಿ ನುಡಿಯಬೇಕು. ನುಡಿಯದೆ ಹೋದರೆ ಓದುಗರು ನಂಬುವುದು ಚಿತ್ರವನ್ನೇ, ಏಕೆಂದರೆ ಪುಟ ತಿರುವಿದಾಗ ಅದು ಮೊದಲು ಕಂಡಿರುತ್ತದೆ.

ಆದರೆ ಚೌಕಟ್ಟನ್ನೇ ಹಾಕುವುದೆಂದರೆ ಅದರ ಆಕಾರಕ್ಕೆ ಪುಟ ಬಾಗಬೇಕಾಗುತ್ತದೆ. ಹಳೆಯ ಸಿನಿಮಾಗಳ ಚೌಕಟ್ಟು ಎತ್ತರ 1 ಇದ್ದರೆ ಅಗಲ 1.37ರಷ್ಟಿತ್ತು, ಪತ್ರಿಕೆಯ ಪುಟದಲ್ಲಿ ಎಲ್ಲಿ ಬೇಕಾದರೂ ಕೂರುತ್ತಿತ್ತು. ಕನ್ನಡಕ್ಕೆ ಅಗಲ ತೆರೆಯ ಸಿನಿಮಾಸ್ಕೋಪ್ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಇಂದು ಸ್ಕೋಪ್ ಚೌಕಟ್ಟಿನ ಅಗಲ ಎತ್ತರದ 2.39 ಪಟ್ಟು. ನಮ್ಮ ಪುಟದಲ್ಲಿ ಅಕ್ಷರ ಕೂರುವ ಅಗಲ 18 ಸೆಂಟಿಮೀಟರ್, ಅದರಲ್ಲಿ ಮೂರು ಕಾಲಂ. ಪೂರ್ತಿ ಅಗಲಕ್ಕೆ ಸ್ಕೋಪ್ ಚಿತ್ರ ಹಾಕಿದರೆ ಅದರ ಎತ್ತರ ಏಳೂವರೆ ಸೆಂಟಿಮೀಟರ್ ಬರುತ್ತದೆ, ಎರಡು ಕಾಲಂಗೆ ಹಾಕಿದರೆ ಐದಕ್ಕೆ ಇಳಿಯುತ್ತದೆ, ಒಂದೇ ಕಾಲಂಗೆ ಇಳಿಸಿದರೆ ಎರಡೂಕಾಲು ಸೆಂಟಿಮೀಟರಿನ ಪಟ್ಟಿಯಾಗಿ ಅದರೊಳಗಿನ ಮನುಷ್ಯರು ಅಕ್ಕಿಕಾಳಿನಷ್ಟಾಗುತ್ತಾರೆ. ಆಗ ಪುಟ ಕಟ್ಟುವವರ ಕೈ ತಾನಾಗಿ ಕತ್ತರಿಯ ಕಡೆಗೆ ಹೋಗುತ್ತದೆ.

ಕತ್ತರಿ ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂಬುದಕ್ಕೆ ಅದೇ ಸಿನಿಮಾದ, ನಾನು ಬದಿಗಿಟ್ಟ ಚೌಕಟ್ಟೊಂದನ್ನು ಹೇಳುತ್ತೇನೆ. ಎಡಗಡೆ ಅಂಗಳದ ಕಟ್ಟೆಯ ಮೇಲೆ ತಂದೆ ಕುಳಿತಿದ್ದಾನೆ, ಮುಖ ಬೀದಿಯ ಕಡೆಗಿದೆ. ಬಲಗಡೆಯ ತುದಿಯಲ್ಲಿ ಬಾಗಿಲ ಚೌಕಟ್ಟಿನೊಳಗೆ ಮಗಳು ನಿಂತಿದ್ದಾಳೆ. ಇಬ್ಬರ ನಡುವೆ ಚಿತ್ರದ ಅರ್ಧದಷ್ಟು ಅಗಲಕ್ಕೆ ಬಿಸಿಲು ಬಿದ್ದ ಖಾಲಿ ಅಂಗಳ, ಅದರಲ್ಲಿ ಒಣಹಾಕಿದ ಒಂದು ಹಾಸಿಗೆ. ಈ ಚಿತ್ರವನ್ನು ನಿಲುವಿನ ಜಾಗಕ್ಕೆ ಕತ್ತರಿಸಿದರೆ ತಂದೆ ಉಳಿಯುತ್ತಾನೆ, ಇಲ್ಲವೇ ಮಗಳು ಉಳಿಯುತ್ತಾಳೆ. ಸಿನಿಮಾ ಹೇಳುತ್ತಿದ್ದ ಮಾತೆಲ್ಲ ಇದ್ದದ್ದು ಆ ನಡುವಿನ ಅಂಗಳದಲ್ಲಿ. ಅದನ್ನು ಪುಟದ ತಲೆಯ ಮೇಲೆ ಪೂರ್ತಿ ಅಗಲಕ್ಕೆ ಏಳೂವರೆ ಸೆಂಟಿಮೀಟರ್ ಎತ್ತರದಲ್ಲಿ ಹಾಕಿ, ಕೆಳಗೆ ಬರಹವನ್ನು ಹರಿಯಬಿಟ್ಟಿದ್ದರೆ ನೀವು ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅಂದಿನಿಂದ ಚಿತ್ರ ಮೊದಲು ಆರಿಸಿ, ಕಾಲಂಗಳನ್ನು ಆಮೇಲೆ ಎಳೆಯುವ ಪದ್ಧತಿಗೆ ಬಂದಿದ್ದೇವೆ.

ನೀವು ಚಿತ್ರಕಲೆಯ ವಿದ್ಯಾರ್ಥಿನಿಯಾದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಅವುಗಳ ನಡುವೆ ಸಂಬಂಧ ಹುಟ್ಟುತ್ತದೆ. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷಗಳ ಹಿಂದೆ ನಟನೊಬ್ಬನ ಒಂದೇ ಮುಖಭಾವವನ್ನು ಒಮ್ಮೆ ಊಟದ ಬಟ್ಟಲಿಗೆ, ಇನ್ನೊಮ್ಮೆ ಶವಪೆಟ್ಟಿಗೆಗೆ ಜೋಡಿಸಿ ತೋರಿಸಿದಾಗ ಅದೇ ಮುಖದಲ್ಲಿ ನೋಡುವವರಿಗೆ ಒಮ್ಮೆ ಹಸಿವೂ ಇನ್ನೊಮ್ಮೆ ದುಃಖವೂ ಕಂಡಿತೆಂಬುದು ಸಿನಿಮಾ ಸಂಕಲನದ ಪಾಠಗಳಲ್ಲಿ ಮೊದಲಿಗೆ ಬರುವ ಮಾತು. ಪತ್ರಿಕೆಯ ಪುಟಕ್ಕೂ ಅದು ಸಲ್ಲುತ್ತದೆ. ನಾಯಕ ಬಲಕ್ಕೆ ನೋಡುತ್ತಿರುವ ಫೋಟೊದ ಬಲಕ್ಕೆ ಬೇರೆ ದೃಶ್ಯದ ಹೆಂಗಸಿನ ಫೋಟೊ ಇಟ್ಟರೆ ಅವನು ಅವಳನ್ನೇ ನೋಡುತ್ತಿದ್ದಾನೆ ಎಂದಾಗುತ್ತದೆ. ಆ ಸಿನಿಮಾದಲ್ಲಿ ಅವರಿಬ್ಬರು ಭೇಟಿಯೇ ಆಗದಿದ್ದರೆ ನಾವು ಓದುಗರಿಗೆ ಇಲ್ಲದ ಕಥೆ ಹೇಳಿದಂತೆ. ಅದಕ್ಕಾಗಿ ಅಡಿಬರಹದಲ್ಲಿ ನಟನ ಹೆಸರಷ್ಟೇ ಬರೆದು ಮುಗಿಸದೆ, ಅದು ಯಾವ ಸಂದರ್ಭವೆಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕೆಂದು ವಿಮರ್ಶಕರಲ್ಲಿ ಕೇಳಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಭಯಾನಕ ಸಿನಿಮಾದ ವಿಮರ್ಶೆಯೆಂದರೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಎಂದೇ ಎಲ್ಲರೂ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಬಹಳ ಚಂದ ಕಾಣುವ ಆ ಪುಟ ಅಚ್ಚಾಗಿ ಬಂದ ಮೇಲೆ ಓದಲಿಕ್ಕೆ ಆಗುವುದಿಲ್ಲ. ತಪ್ಪು ಪ್ರೆಸ್ಸಿನವರದೋ ನಮ್ಮದೋ?
(ಓದುಗರು, ಗದಗ-ಬೆಟಗೇರಿ)

ಉತ್ತರ: ಮುದ್ರಣ ಕಾಶಿಯೆಂದು ಹೆಸರಾದ ಊರಿನಿಂದ ಈ ಪ್ರಶ್ನೆ ಬಂದದ್ದು ಸಂತೋಷ. ತಪ್ಪು ಹೆಚ್ಚಾಗಿ ನಮ್ಮ ನಿಮ್ಮಂಥವರದು. ಕಂಪ್ಯೂಟರಿನ ಪರದೆಯಲ್ಲಿ ಬಿಳಿ ಎಂದರೆ ಉರಿಯುವ ಬೆಳಕು. ಕಾಗದದಲ್ಲಿ ಬಿಳಿ ಎಂದರೆ ಶಾಯಿ ಬೀಳದೆ ಉಳಿದ ಜಾಗ. ಕಪ್ಪಿನ ಮೇಲೆ ಬಿಳಿ ಅಕ್ಷರ ಹಾಕಿದಾಗ ಮುದ್ರಣಯಂತ್ರ ಅಕ್ಷರವನ್ನು ಒತ್ತುವುದಿಲ್ಲ, ಅಕ್ಷರದ ಸುತ್ತಲಿನದನ್ನೆಲ್ಲ ಒತ್ತುತ್ತದೆ. ಶಾಯಿಯ ಗುಣವೇ ಹರಡುವುದು, ಅದರಲ್ಲೂ ದಿನಪತ್ರಿಕೆಯ ಕಾಗದವಾದ ನ್ಯೂಸ್‌ಪ್ರಿಂಟಿನಲ್ಲಿ ಅದು ಕಾಗದದ ನಾರಿನೊಳಗೆ ಇಳಿದು ಹರಡುತ್ತದೆ. ಹಾಗೆ ನಾಲ್ಕೂ ಕಡೆಯಿಂದ ಒತ್ತಿ ಬಂದ ಶಾಯಿ ಅಕ್ಷರದ ಸಣ್ಣ ಗೆರೆಗಳನ್ನು ಮುಚ್ಚಿಹಾಕುತ್ತದೆ.

ಕನ್ನಡದಲ್ಲಿ ಈ ಹಾನಿ ಇನ್ನೂ ಹೆಚ್ಚು. ನಮ್ಮ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಅವುಗಳ ಗೆರೆ ಇನ್ನೂ ತೆಳು. ಮಹಾಪ್ರಾಣಗಳಲ್ಲಿ ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಇಂಥದೇ ಕಪ್ಪು ಪುಟವೊಂದು ಗದಗಿನ ಪ್ರೆಸ್ಸೊಂದರಲ್ಲಿ ಅಚ್ಚಾಗುತ್ತಿದ್ದಾಗ ನಾನು ಯಂತ್ರದ ಪಕ್ಕದಲ್ಲಿಯೇ ನಿಂತಿದ್ದೆ. ಮಷಿನ್ ನಡೆಸುತ್ತಿದ್ದ ಹಿರಿಯರು ಮೊದಲು ಬಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಸಣ್ಣ ಭೂತಗನ್ನಡಿಯನ್ನು ವಿಮರ್ಶಕರ ಹೆಸರಿನ ಕೆಳಗಿದ್ದ ಊರಿನ ಮೇಲಿಟ್ಟು, “ಇಲ್ಲಿ ನೋಡ್ರಿ ಸರ, ಧಾರವಾಡ ಹೋಗಿ ದಾರವಾಡ ಆಗೇತಿ” ಎಂದರು. ಬಗ್ಗಿ ನೋಡಿದೆ. ಸೀಳು ಇರಬೇಕಾದಲ್ಲಿ ಕಪ್ಪು ತುಂಬಿತ್ತು, ಆ ಕಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಇಣುಕುತ್ತಿತ್ತು.

ಆ ಕೆಂಪು ಎಲ್ಲಿಂದ ಬಂತೆಂಬುದು ಮುಖ್ಯ. ಬಣ್ಣದ ಪುಟ ಸಯಾನ್ (ತಿಳಿನೀಲಿ), ಮೆಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ, ಶಾಯಿಗೊಂದರಂತೆ ನಾಲ್ಕು ಅಚ್ಚಿನ ಪ್ಲೇಟುಗಳಿಂದ ಅಚ್ಚಾಗುತ್ತದೆ. ಫೋಟೊದ ಕಪ್ಪನ್ನೇ ಹಿನ್ನೆಲೆಗೂ ಎತ್ತಿಕೊಂಡರೆ ಆ ಕಪ್ಪಿನಲ್ಲಿ ನಾಲ್ಕೂ ಶಾಯಿಗಳಿರುತ್ತವೆ. ನಾಲ್ಕು ಪ್ಲೇಟುಗಳಲ್ಲಿ ಯಾವುದೊಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಜರುಗಿದರೂ ಅಕ್ಷರದ ಅಂಚಿನಲ್ಲಿ ಅದರ ಬಣ್ಣ ಕಾಣಿಸಿಕೊಳ್ಳುತ್ತದೆ. ಶಾಯಿಯ ಒಟ್ಟು ಮೊತ್ತದ ತೊಂದರೆ ಬೇರೆ: ಒಂದೊಂದು ಶಾಯಿ ಪೂರ್ತಿ ಬಿದ್ದರೆ 100 ಪ್ರತಿಶತವೆಂದು ಲೆಕ್ಕ, ನಾಲ್ಕನ್ನೂ ಪೂರ್ತಿ ಹಾಕಿದರೆ 400 ಪ್ರತಿಶತ. ನ್ಯೂಸ್‌ಪ್ರಿಂಟ್ ಸುಮಾರು 240ಕ್ಕಿಂತ, ನುಣುಪಾದ ಒಳ್ಳೆಯ ಆರ್ಟ್ ಪೇಪರ್ ಸುಮಾರು 300ಕ್ಕಿಂತ ಹೆಚ್ಚು ಹೊರುವುದು ಕಷ್ಟ. ಮೀರಿದರೆ ಶಾಯಿ ಒಣಗದೆ ಎದುರಿನ ಪುಟಕ್ಕೆ ಅಂಟುತ್ತದೆ.

ಆದ್ದರಿಂದ ಕಪ್ಪು ಹಿನ್ನೆಲೆ ಬೇಕೇ ಬೇಕೆಂದವರಿಗೆ ಶೀರ್ಷಿಕೆಯನ್ನು ಮಾತ್ರ 24 ಪಾಯಿಂಟಿಗಿಂತ (ಪಾಯಿಂಟ್ ಎಂದರೆ ಅಕ್ಷರದ ಗಾತ್ರ ಅಳೆಯುವ ಮಾನ) ದೊಡ್ಡದಾದ ದಪ್ಪ ಅಕ್ಷರದಲ್ಲಿ ಬಿಳಿ ಬಿಟ್ಟುಕೊಡಿ, ಹಿನ್ನೆಲೆಗೆ ಬರಿಯ ಕಪ್ಪು ಶಾಯಿಯನ್ನೇ ಹಾಕಿ. ಓದುವ ಬರಹವನ್ನು ಕಾಗದದ ಬಿಳಿಯ ಮೇಲೆ, ಅದೂ ಒಂದೇ ಕಪ್ಪು ಶಾಯಿಯಲ್ಲಿ ಇಡಿ. ಭಯಾನಕ ಸಿನಿಮಾದ ವಿಮರ್ಶೆಯನ್ನೂ ಓದುಗರು ಬೆಳಕಿನಲ್ಲಿಯೇ ಕುಳಿತು ಓದುತ್ತಾರೆ.

ಪ್ರಶ್ನೆ: ಸಂಪಾದಕರಿಗೆ ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ವಿಮರ್ಶೆಯ ಪುಟದಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಸಂದುಗಳು ಕಾಣುತ್ತವೆ. ಪುಟದ ಮೇಲೆ, ಬದಿಯಲ್ಲಿ ಬಿಳಿ ಜಾಗವನ್ನು ಸುಮ್ಮನೆ ಬಿಟ್ಟಿರುತ್ತೀರಿ. ಆ ಜಾಗದಲ್ಲಿ ಇನ್ನೊಂದು ಸಿನಿಮಾದ ವಿಮರ್ಶೆಯನ್ನೇ ಕೊಡಬಹುದಲ್ಲವೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಗುರುಗಳೇ, ನೀವು ಎರಡು ಬೇರೆ ಬೇರೆ ಖಾಲಿಗಳ ಬಗ್ಗೆ ಕೇಳಿದ್ದೀರಿ. ಮೊದಲನೆಯದು ದೋಷ, ಎರಡನೆಯದನ್ನು ಬೇಕೆಂದೇ ಬಿಟ್ಟದ್ದು.

ಪದಗಳ ನಡುವಿನ ಸಂದಿಗೆ ಕಾರಣ ಕನ್ನಡ ಪದಗಳ ಉದ್ದ ಮತ್ತು ನಮ್ಮ ಕಾಲಂಗಳ ಕಿರಿದು. ಮೂರು ಕಾಲಂಗಳ ಪುಟದಲ್ಲಿ ಒಂದೊಂದರ ಅಗಲ 5.6 ಸೆಂಟಿಮೀಟರ್, ಅದರ ಒಂದು ಸಾಲಿನಲ್ಲಿ ಹದಿನೆಂಟೋ ಇಪ್ಪತ್ತೋ ಅಕ್ಷರ ಹಿಡಿಸುತ್ತವೆ. ‘ಹೇಳಬೇಕಾಗಿರಲಿಲ್ಲವೆನ್ನುವುದನ್ನು’ ಎಂಬ ಒಂದೇ ಪದದಲ್ಲಿ 13 ಅಕ್ಷರಗಳಿವೆ. ವಿಮರ್ಶಕರು ಇಂಥ ಪದ ಬರೆದಾಗ ಅದು ಸಾಲಿನಲ್ಲಿ ಹಿಡಿಸದೆ ಕೆಳಗಿಳಿಯುತ್ತದೆ, ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳು ಎರಡೂ ಅಂಚುಗಳನ್ನು ಮುಟ್ಟಲು ದೂರ ಸರಿಯುತ್ತವೆ. ನಾಲ್ಕೈದು ಸಾಲುಗಳಲ್ಲಿ ಹೀಗಾದರೆ ಬರಹದ ನಡುವೆ ಬಿಳಿಯ ಕಾಲುವೆಯೇ ಹರಿದಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಪದವನ್ನು ಅಡ್ಡಗೆರೆ ಹಾಕಿ ಒಡೆಯುವ ರೂಢಿ ಇದೆ. ಕನ್ನಡದಲ್ಲಿಯೂ ಹಳೆಯ ಅಕ್ಷರ ಜೋಡಣೆಯವರು ಅಕ್ಷರದ ಎಲ್ಲೆ ನೋಡಿ, ಒತ್ತಕ್ಷರ ತನ್ನ ಮೂಲ ಅಕ್ಷರದಿಂದ ಬೇರೆಯಾಗದಂತೆ, ಅರ್ಥ ಕೆಡದಂತೆ ಒಡೆಯುತ್ತಿದ್ದರು. ಆ ವಿವೇಚನೆಯನ್ನು ಈಗ ಕಂಪ್ಯೂಟರಿಗೆ ಬಿಟ್ಟುಕೊಟ್ಟಿದ್ದೇವೆ, ಅದಕ್ಕೆ ಅದು ತಿಳಿಯುವುದಿಲ್ಲ. ಮುಂದಿನ ಸಂಚಿಕೆಯಿಂದ ವಿಮರ್ಶೆಯನ್ನು 8.7 ಸೆಂಟಿಮೀಟರ್ ಅಗಲದ ಎರಡು ಕಾಲಂಗಳಲ್ಲಿ ಕೊಡಲಿದ್ದೇವೆ. ಎಲ್ಲಿ ಕಿರಿದಾದ ಕಾಲಂ ಅನಿವಾರ್ಯವೋ ಅಲ್ಲಿ ಬಲ ಅಂಚನ್ನು ಏರುಪೇರಾಗಿಯೇ ಬಿಡುತ್ತೇವೆ. ನೋಟಕ್ಕೆ ಸ್ವಲ್ಪ ಒರಟಾದರೂ ಪದಗಳ ನಡುವಿನ ಅಂತರ ಒಂದೇ ಸಮ ಇರುತ್ತದೆ.

ಸಾಲುಗಳ ನಡುವಿನ ಅಂತರವನ್ನು ಮಾತ್ರ ಕಡಿಮೆ ಮಾಡುವುದಿಲ್ಲ. ಕನ್ನಡದ ಸಾಲಿನಲ್ಲಿ ಗುಡಿಸು ಮೇಲಕ್ಕೆ ಏಳುತ್ತದೆ, ಒತ್ತು ಕೆಳಕ್ಕೆ ಇಳಿಯುತ್ತದೆ. 10 ಪಾಯಿಂಟಿನ ಅಕ್ಷರಕ್ಕೆ 14 ಪಾಯಿಂಟಿನಷ್ಟಾದರೂ ಸಾಲಿನ ಎತ್ತರ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಇಂಗ್ಲಿಷ್ ಪತ್ರಿಕೆಗಳ ಪುಟದ ಅಳತೆಯನ್ನು ಹಾಗೆಯೇ ತಂದು ಕನ್ನಡಕ್ಕೆ ಹಚ್ಚುವವರು ಮೊದಲು ಎಡವುವುದು ಇಲ್ಲಿಯೇ.

ಇನ್ನು ಬದಿಯ ಬಿಳಿ ಜಾಗ. ಚಿತ್ರಮಂದಿರದಲ್ಲಿ ದೀಪ ಆರಿಸುವುದು ತೆರೆಯ ನಾಲ್ಕು ಅಂಚುಗಳಾಚೆಗೆ ಕಣ್ಣು ಹೋಗದಿರಲೆಂದು. ಪುಟದಲ್ಲಿ ಚಿತ್ರದ ಸುತ್ತ ಬಿಟ್ಟ ಬಿಳಿ ಆ ಕೆಲಸ ಮಾಡುತ್ತದೆ. ನಿರ್ದೇಶಕರೂ ಛಾಯಾಗ್ರಾಹಕರೂ ಚೌಕಟ್ಟಿನ ಅಂಚು ಎಲ್ಲಿ ಬರಬೇಕೆಂದು ಗಂಟೆಗಟ್ಟಲೆ ಯೋಚಿಸಿರುತ್ತಾರೆ. ಆ ಅಂಚಿಗೆ ತಾಗಿ ಜಾಹೀರಾತು ಬಂದರೆ, ಅದರ ಮೇಲೆ ಬಣ್ಣದ ಪಟ್ಟಿಯೋ ನೆರಳೋ ಹೂವಿನ ಗೆರೆಯೋ ಬಿದ್ದರೆ ಚೌಕಟ್ಟು ಎಲ್ಲಿ ಮುಗಿಯಿತೆಂಬುದೇ ತಿಳಿಯುವುದಿಲ್ಲ. ಒಂದು ಪುಟದಲ್ಲಿ ಎರಡು ಸಿನಿಮಾ ಬೇಕೆಂಬ ನಿಮ್ಮ ಅಪೇಕ್ಷೆ ನ್ಯಾಯವಾದದ್ದೇ. ಹಾಗೆ ಕೊಡುವಾಗ ಎರಡನೆಯದಕ್ಕೆ ಚಿತ್ರವನ್ನೇ ಹಾಕದೆ ಬರಹ ಮಾತ್ರ ಕೊಡುತ್ತೇವೆ. ಅಂಚೆಚೀಟಿಯಷ್ಟು ಚಿತ್ರ ಹಾಕುವುದಕ್ಕಿಂತ ಅದು ಉತ್ತಮ.

ಪ್ರಶ್ನೆ: ಹಳೆಯ ಸಿನಿಮಾಗಳ ಮರುನೋಟ ಬರೆಯುವ ಪುಟಗಳಲ್ಲಿ ಫೋಟೊಗಳಿಗೆ ಕಂದು ಬಣ್ಣ ಬಳಿಯುವುದೇಕೆ? ಹೊಸ ಸಿನಿಮಾಗಳ ಪುಟಕ್ಕೆ ಹಿನ್ನೆಲೆ ಬಣ್ಣವನ್ನು ಯಾವ ಆಧಾರದ ಮೇಲೆ ಆರಿಸುತ್ತೀರಿ?
(ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ)

ಉತ್ತರ: ಕಂದು ಬಣ್ಣ ಬಳಿಯುವುದು ಒಂದು ಕೆಟ್ಟ ರೂಢಿ. ಹಳೆಯದು ಎಂದರೆ ಕಂದು ಎಂಬ ಕಲ್ಪನೆ ಮಾಸಿದ ಮನೆಯ ಫೋಟೊಗಳಿಂದ ಬಂದದ್ದು. ಕಪ್ಪು-ಬಿಳುಪು ಸಿನಿಮಾ ತೆರೆಯ ಮೇಲೆ ಕಂದಾಗಿ ಕಾಣುತ್ತಿರಲಿಲ್ಲ, ಅದರ ಬಿಳಿ ನಿಜವಾದ ಬಿಳಿಯಾಗಿತ್ತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. 1970ರ ‘ಸಂಸ್ಕಾರ’ ಅದಾದ ಮೇಲೆಯೂ ಕಪ್ಪು-ಬಿಳುಪಿನಲ್ಲಿಯೇ ಇದೆ. ಅಗ್ರಹಾರದ ಬಿಸಿಲು, ಕತ್ತಲ ಪಡಸಾಲೆ, ಮುಖದ ಮೇಲಿನ ಅರ್ಧ ನೆರಳು ಇವೇ ಅದರ ಬಣ್ಣಗಳು. ಅದರ ಮೇಲೆ ಕಂದು ಹಚ್ಚಿದರೆ ಬಿಸಿಲೂ ನೆರಳೂ ಒಂದೇ ಮಣ್ಣಾಗುತ್ತವೆ. ‘ಕಸ್ತೂರಿ ನಿವಾಸ’ದಂಥ ಸಿನಿಮಾದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: 1971ರ ಆ ಕಪ್ಪು-ಬಿಳುಪು ಚಿತ್ರ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಬಿಡುಗಡೆಯಾಯಿತು. ವಿಮರ್ಶಕರು ಯಾವುದನ್ನು ನೋಡಿ ಬರೆದಿದ್ದಾರೋ ಆ ರೂಪದ ಚಿತ್ರವನ್ನೇ ಹಾಕಬೇಕು, ಅಡಿಬರಹದಲ್ಲಿ ಅದನ್ನು ಹೇಳಬೇಕು.

ಮುದ್ರಣದ ಒಂದು ಮಾತೂ ಇದಕ್ಕೆ ಸೇರಿದೆ. ಕಪ್ಪು-ಬಿಳುಪು ಚಿತ್ರವನ್ನು ನಾಲ್ಕು ಶಾಯಿಗಳಲ್ಲಿ ಅಚ್ಚು ಹಾಕಿದರೆ, ಯಂತ್ರದಲ್ಲಿ ಒಂದು ಶಾಯಿ ಸ್ವಲ್ಪ ಹೆಚ್ಚಾದರೂ ಬೂದು ಬಣ್ಣ ಹಸಿರಿಗೋ ಗುಲಾಬಿಗೋ ತಿರುಗುತ್ತದೆ. ಒಂದೇ ಕಪ್ಪು ಶಾಯಿಯಲ್ಲಿ ಹಾಕಿದರೆ ಆ ಭಯವಿಲ್ಲ.

ಹಿನ್ನೆಲೆಯ ಬಣ್ಣಕ್ಕೆ ಸಂಬಂಧಿಸಿ ಹೇಳುವುದಾದರೆ, ಪ್ರೇಮಕಥೆಗೆ ಗುಲಾಬಿ, ಹೊಡೆದಾಟಕ್ಕೆ ಕೆಂಪು, ಹಳ್ಳಿಯ ಕಥೆಗೆ ಹಸಿರು ಎಂಬ ಸಿದ್ಧ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅದರಿಂದ ಎಲ್ಲ ಪ್ರೇಮಕಥೆಗಳೂ ಒಂದೇ ಎಂದು ವಿಮರ್ಶೆ ಓದುವ ಮೊದಲೇ ಹೇಳಿಬಿಟ್ಟಂತಾಗುತ್ತದೆ. ಸಿನಿಮಾದ ಒಂದು ಮುಖ್ಯ ದೃಶ್ಯದ ಗೋಡೆಯೋ ಸೀರೆಯೋ ಸಂಜೆಯ ಆಕಾಶವೋ ಯಾವ ಬಣ್ಣದಲ್ಲಿದೆಯೋ ಅದನ್ನೇ ಎತ್ತಿಕೊಂಡು ಶೀರ್ಷಿಕೆಗೆ ಮಾತ್ರ ಕೊಟ್ಟರೆ, ಚಿತ್ರಕ್ಕೂ ಬರಹಕ್ಕೂ ನಡುವೆ ಒಂದು ಎಳೆ ಕೂಡುತ್ತದೆ. ನಿಮ್ಮೂರಿನ ಉದಾಹರಣೆಯನ್ನೇ ಕೊಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಅದರ ಕೆಂಪನ್ನು ಕಾಗದದ ಮೇಲೆ ತರಲು ಮೆಜೆಂಟಾ 100, ಹಳದಿ 100 ಹಾಕಿದರೆ ಬರುವುದು ಹೊಸ ಬಸ್ಸಿನ ಕೆಂಪು; ಒಣಗಿ ಸುಕ್ಕುಗಟ್ಟಿದ ಕಾಯಿಯ ಆ ಆಳವಾದ ಕೆಂಪು ಬೇಕಾದರೆ ಹಳದಿಯನ್ನು ಸ್ವಲ್ಪ ಇಳಿಸಿ ಕಪ್ಪನ್ನು ಇಪ್ಪತ್ತೋ ಮೂವತ್ತೋ ಪ್ರತಿಶತ ಬೆರೆಸಬೇಕು. ಎರಡೂ ಕೆಂಪೇ, ಆದರೆ ಒಂದು ಕೂಗುತ್ತದೆ, ಇನ್ನೊಂದು ಹಾಗಲ್ಲ. ಸಿನಿಮಾದ ಕೆಂಪು ಇವೆರಡರಲ್ಲಿ ಯಾವುದೆಂದು ನೋಡಿ ತಿಳಿಯುವುದೇ ಪುಟ ಕಟ್ಟುವವರ ಕೆಲಸ. ತೆರೆಯ ಮೇಲೆ ಹೊಳೆಯುವ ಕೆಲವು ನೀಲಿ, ಹಸಿರುಗಳು ನಾಲ್ಕು ಶಾಯಿಗಳ ಅಳವಿಗೆ ಸಿಕ್ಕುವುದೇ ಇಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಇರುಳಿನ ದೃಶ್ಯಗಳನ್ನು ಪ್ರೆಸ್ಸಿಗೆ ಕಳಿಸುವ ಮೊದಲು ನಡು ಛಾಯೆಗಳನ್ನು ಸ್ವಲ್ಪ ಬೆಳಗಿಸದಿದ್ದರೆ ಪುಟದಲ್ಲಿ ಬರಿಯ ಮಸಿ ಉಳಿಯುತ್ತದೆ. ಇಷ್ಟರ ಮಟ್ಟಿಗಿನ ತಿದ್ದುಪಡಿ ಮೂಲಕ್ಕೆ ಹತ್ತಿರ ಹೋಗಲೆಂದು ಮಾಡುವಂಥದ್ದು.

ಒಂದು ಹಳೆಯ ನೆನಪನ್ನು ಸೇರಿಸುತ್ತೇನೆ. ನಮ್ಮ ಕಡೆಯ ನಾಟಕ ಕಂಪನಿಗಳು ಕರಪತ್ರವನ್ನು ಗುಲಾಬಿ ಅಥವಾ ಹಳದಿ ಕಾಗದದ ಮೇಲೆ ಒಂದೇ ಕಪ್ಪು ಶಾಯಿಯಲ್ಲಿ ಅಚ್ಚು ಹಾಕಿಸುತ್ತಿದ್ದವು. ಒಂದು ಶಾಯಿಯ ಖರ್ಚಿನಲ್ಲಿ ಎರಡು ಬಣ್ಣ ಸಿಗುತ್ತಿತ್ತು, ಬೀದಿಯ ಗದ್ದಲದಲ್ಲಿಯೂ ಆ ಹಾಳೆ ಕಣ್ಣಿಗೆ ಬೀಳುತ್ತಿತ್ತು. ಪತ್ರಿಕೆಗಳಲ್ಲಿ ಬಣ್ಣದ ಪುಟಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ವರ್ಣಚಿತ್ರಗಳ ವಿಮರ್ಶೆಯೂ ಕಪ್ಪು-ಬಿಳುಪಿನಲ್ಲಿಯೇ ಬರುತ್ತಿತ್ತು, ಸೀರೆ ಯಾವ ಬಣ್ಣ, ಬೆಳಕು ಎಂಥದ್ದು ಎಂಬುದನ್ನು ವಿಮರ್ಶಕರು ಮಾತಿನಲ್ಲಿ ಕಟ್ಟಿಕೊಡುತ್ತಿದ್ದರು. ಈಗ ಎಲ್ಲ ಪುಟಗಳೂ ಬಣ್ಣದವಾದ ಮೇಲೆ ಆ ವಾಕ್ಯಗಳು ವಿಮರ್ಶೆಗಳಿಂದ ಮರೆಯಾಗುತ್ತಿರುವುದು ನನಗೆ ನೋವಿನ ಸಂಗತಿ. ಚಿತ್ರ ಇದೆಯೆಂದು ಮಾತು ಸುಮ್ಮನಾಗಬಾರದು.

ಪ್ರಶ್ನೆ: ವಿಮರ್ಶೆಯ ತಲೆಯ ಮೇಲೆ ಹಾಕುತ್ತಿದ್ದ ನಕ್ಷತ್ರಗಳನ್ನು ಈಗ ಕೊನೆಗೆ ತಂದಿದ್ದೀರಿ. ಬಿಡುವಿಲ್ಲದವರಿಗೆ ಮೇಲಿದ್ದರೇ ಅನುಕೂಲವಾಗಿತ್ತು.
(ಓದುಗರು, ಹುಬ್ಬಳ್ಳಿ)

ಉತ್ತರ: ಅನುಕೂಲವೇನೋ ಹೌದು. ಆದರೆ ಐದರಲ್ಲಿ ಎರಡು ನಕ್ಷತ್ರ ತುಂಬಿ ಮೂರು ಖಾಲಿ ಇರುವ ಸಾಲು ಕೂಡ ಒಂದು ಚಿತ್ರವೇ, ಅದೂ ಪುಟದ ಅತ್ಯಂತ ಬಲವಾದ ಚಿತ್ರ. ಅದು ಮೇಲಿದ್ದಾಗ ಕೆಳಗಿನ ಫೋಟೊವನ್ನೂ ಬರಹವನ್ನೂ ಅದರ ಕಣ್ಣಿನಿಂದಲೇ ನೋಡುವಂತಾಗುತ್ತದೆ. ಕೊನೆಗೆ ಇಟ್ಟರೆ ವಿಮರ್ಶಕರು ಏನು ಹೇಳಿದರೆಂದು ಓದಿದ ಮೇಲೆ ಅದಕ್ಕೆ ಅರ್ಥ ಬರುತ್ತದೆ. ಹಳದಿ ಬಣ್ಣವನ್ನೂ ತೆಗೆದು ಕಪ್ಪಿನಲ್ಲಿಯೇ ಹಾಕಿದ್ದೇವೆ. ದಯವಿಟ್ಟು ಒಂದೆರಡು ಸಂಚಿಕೆ ನೋಡಿ ತಿಳಿಸಿ.

ಪ್ರಶ್ನೆ: ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವಿದ್ಯಾರ್ಥಿಗಳು ಬರೆದ ನಾಲ್ಕು ಸಿನಿಮಾ ವಿಮರ್ಶೆಗಳಿವೆ. ಚಿತ್ರಗಳನ್ನು ಎಲ್ಲಿಂದ ತರಬೇಕು? ಮೊಬೈಲಿನಿಂದ ತೆಗೆದುಕೊಂಡರೆ ಅಚ್ಚಿಗೆ ಬರುತ್ತವೆಯೇ?
(ಕನ್ನಡ ಉಪನ್ಯಾಸಕರು, ರಾಣೆಬೆನ್ನೂರು)

ಉತ್ತರ: ಚಿತ್ರಮಂದಿರದಲ್ಲಿ ತೆರೆಯ ಕಡೆಗೆ ಮೊಬೈಲ್ ಹಿಡಿಯಲು ವಿದ್ಯಾರ್ಥಿಗಳಿಗೆ ಖಂಡಿತ ಬಿಡಬೇಡಿ; ಅಲ್ಲಿ ಚಿತ್ರೀಕರಿಸುವುದನ್ನು 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆ ನಿಷೇಧಿಸಿದೆ. ಸಿನಿಮಾ ತಂಡದವರಿಗೆ ಕಾಲೇಜಿನ ಪತ್ರ ಬರೆದು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಯ ಉದ್ದೇಶದ ನ್ಯಾಯೋಚಿತ ಬಳಕೆಗೆ ಅವಕಾಶ ಕೊಟ್ಟಿದೆಯಾದರೂ, ಚಿತ್ರದ ಮೂಲವನ್ನು ಅಡಿಬರಹದಲ್ಲಿ ಹೇಳುವುದು ಮರ್ಯಾದೆ.

ತಂಡದವರೇ ಬಿಡುಗಡೆ ಮಾಡಿದ ಟ್ರೇಲರಿನಿಂದ ಚೌಕಟ್ಟು ತೆಗೆದುಕೊಂಡರೆ ಅದರ ಅಗಲ ಸಾಮಾನ್ಯವಾಗಿ 1920 ಪಿಕ್ಸೆಲ್ ಇರುತ್ತದೆ. ಆರ್ಟ್ ಪೇಪರಿನಲ್ಲಿ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ ಅದು 6.4 ಇಂಚು, ಸುಮಾರು 16 ಸೆಂಟಿಮೀಟರ್ ಅಗಲಕ್ಕೆ ಮಾತ್ರ ಚೆನ್ನಾಗಿ ಬರುತ್ತದೆ. ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಿನ ಚುಕ್ಕೆಗಳು ದೊಡ್ಡವಾದ್ದರಿಂದ ಇಂಚಿಗೆ 200 ಸಾಕು, ನಿಮ್ಮ ಪುಟದ ಪೂರ್ತಿ ಅಗಲಕ್ಕೂ ಹಾಕಬಹುದು. ಚಿತ್ರವನ್ನು ಎದುರುಬದುರು ಎರಡು ಪುಟಗಳಿಗೆ ಹರಡುವ ಆಸೆಯಾದರೆ ಪಿನ್ ಹೊಡೆದ ಸಂಚಿಕೆಯ ನಟ್ಟನಡುವಿನ ಪುಟಗಳಲ್ಲಿ ಮಾತ್ರ ಹಾಗೆ ಮಾಡಿ. ಅಲ್ಲಿ ಎರಡೂ ಪುಟ ಒಂದೇ ಹಾಳೆ. ಬೇರೆ ಕಡೆ ಎರಡು ಅರ್ಧಗಳು ಬೇರೆ ಬೇರೆ ಹಾಳೆಗಳಲ್ಲಿ ಅಚ್ಚಾಗುವುದರಿಂದ ಬಣ್ಣವೂ ಗೆರೆಯೂ ಕೂಡುವುದಿಲ್ಲ. ನಡುಪುಟದಲ್ಲಿಯೂ ಮುಖ ಮಡಿಕೆಗೆ ಸಿಗದಂತೆ ನೋಡಿಕೊಳ್ಳಿ.

ಚಿತ್ರಗಳನ್ನು ಡಿಟಿಪಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ದಾರಿಯಲ್ಲಿಯೇ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಮೂಲದ ಅಳತೆ ಹಾಗೆಯೇ ತಲುಪುತ್ತದೆ. ಪ್ರತಿ ಚಿತ್ರದ ಕಡತಕ್ಕೆ ಸಿನಿಮಾದ ಹೆಸರನ್ನೂ, ಅದು ವಿಮರ್ಶೆಯ ಯಾವ ವಾಕ್ಯದ ಪಕ್ಕದಲ್ಲಿ ಬರಬೇಕೆಂಬುದನ್ನೂ ವಿದ್ಯಾರ್ಥಿಗಳ ಕೈಯಿಂದಲೇ ಬರೆಸಿ ಜೊತೆಗಿಡಿ.